ಪಾದಯಾತ್ರೆಯ ನಡುವೆ ಒಂದು ದಿನದ ವಿಶ್ರಾಂತಿ

ಯುಗಾದಿ ಸಮೀಪಿಸುತ್ತಿದ್ದಂತೆ ಉತ್ತರ ಕರ್ನಾಟಕದ ರಸ್ತೆಗಳಲ್ಲಿ ಶ್ರೀಶೈಲದತ್ತ ಹೊರಟ ಪಾದಯಾತ್ರಿಗಳ ಸಾಲು ಕಾಣಿಸತೊಡಗುತ್ತದೆ. ಹೆಗಲ ಮೇಲೆ ಕಂಬಿ, ಬಾಯಲ್ಲಿ ಮಲ್ಲಯ್ಯನ ನಾಮ. ಕೆಲವರ ಕಾಲಲ್ಲಿ ಚಪ್ಪಲಿ, ಕೆಲವರದು ಬರಿಗಾಲು. ಅದಕ್ಕೂ ಮುಂಚೆ ಭಾರತ ಹುಣ್ಣಿಮೆಗೆ ಮೈಲಾರಕ್ಕೆ, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿರುತ್ತಾರೆ. ಈ ನಡಿಗೆಗೆ ಹೊರಡುವವರಲ್ಲಿ ಹೆಚ್ಚಿನವರು ವರ್ಷದ ಉಳಿದ ದಿನಗಳಲ್ಲಿ ಇಷ್ಟು ದೂರ ನಡೆದವರಲ್ಲ. ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವವರು, ಶಾಲಾ ಶಿಕ್ಷಕರು, ನಿವೃತ್ತರು, ಮನೆಗೆಲಸದ ಗೃಹಿಣಿಯರು, ಕಾಲೇಜು ಹುಡುಗರು, ಎಲ್ಲರೂ ಇರುತ್ತಾರೆ.

ಒಂದು ತಂಡವನ್ನು ಊಹಿಸಿಕೊಳ್ಳೋಣ. ಮಲೆನಾಡಿನ ಸೆರಗಿನಿಂದ ಹೊರಟ ಹತ್ತು ಮಂದಿ ನಾಲ್ಕು ದಿನ ನಡೆದು ಸಂಜೆಯ ಹೊತ್ತಿಗೆ ರಟ್ಟೀಹಳ್ಳಿ ಮುಟ್ಟಿದ್ದಾರೆ. ಕುಮುದ್ವತಿ ನದಿಯ ದಂಡೆಯ ಊರು, ಕದಂಬೇಶ್ವರನ ಹಳೆಯ ಗುಡಿ, ಊರಿನವರ ಆದರ. ಮರುದಿನ ಇಲ್ಲೇ ನಿಂತು ನಾಡಿದ್ದು ಹೊರಡೋಣ ಎಂದು ತಂಡದ ಕಿರಿಯನೊಬ್ಬ ಸೂಚಿಸುತ್ತಾನೆ. ಅರವತ್ತೈದರ ಅಜ್ಜ ತಲೆಯಾಡಿಸುತ್ತಾರೆ: “ನಡುವ ನಿಂತ್ರ ಹರಕಿ ಮುರದಂಗ ಆಗೂದಿಲ್ಲೇನೋ ತಮ್ಮಾ? ನಡಕೋಂತ ಹೋದ್ರ ಕಾಲ್‌ನೋವು ತಾನ ಕಡಿಮಿ ಆಗ್ತೈತಿ.”

ಅಜ್ಜನ ಮಾತಿನಲ್ಲಿ ಭಕ್ತಿ ಇದೆ. ಆದರೆ ದೇಹದ ಲೆಕ್ಕ ಬೇರೆ ಇದೆ. ದೂರದ ನಡಿಗೆಯಲ್ಲಿ ವಿಶ್ರಾಂತಿಯ ದಿನವೆಂಬುದು ವ್ಯರ್ಥವಾದ ದಿನವಲ್ಲ. ಹಿಂದಿನ ನಾಲ್ಕು ದಿನ ಸವೆದದ್ದನ್ನು ದೇಹ ರಿಪೇರಿ ಮಾಡಿಕೊಳ್ಳುವುದು ಆ ದಿನವೇ. ಮುಂದೆ ಯಾರು ನಡೆಯಬೇಕು, ಯಾರು ಬಸ್ಸು ಹತ್ತಬೇಕು ಎಂಬುದು ತಿಳಿಯುವುದೂ ಅದೇ ದಿನ.

ದಂಡಿಯ ದಾರಿಯ ಸೋಮವಾರಗಳು

ಹಾವೇರಿ ಜಿಲ್ಲೆಯವರಿಗೆ ಇದಕ್ಕೊಂದು ಹತ್ತಿರದ ಉದಾಹರಣೆಯಿದೆ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿ ಆಶ್ರಮದಿಂದ ದಂಡಿಗೆ ಹೊರಟಾಗ ಜೊತೆಗಿದ್ದ 78 ಮಂದಿಯಲ್ಲಿ ಕರ್ನಾಟಕದಿಂದ ಹೋದ ಯುವಕ ಒಬ್ಬನೇ. ಆತ ಮೋಟೆಬೆನ್ನೂರಿನ ಮೈಲಾರ ಮಹಾದೇವ. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಹುತಾತ್ಮ ಇವರೇ.

ಆ ನಡಿಗೆ ಸುಮಾರು 385 ಕಿ.ಮೀ. ಏಪ್ರಿಲ್ 5ರಂದು ತಂಡ ದಂಡಿ ಸೇರಿತು. ಒಟ್ಟು 25 ದಿನ. ಆದರೆ ಎಲ್ಲ 25 ದಿನವೂ ಅವರು ನಡೆಯಲಿಲ್ಲ. ಸೋಮವಾರ ಗಾಂಧೀಜಿಯವರ ಮೌನದ ದಿನ. ತಂಡಕ್ಕೂ ಅದು ವಿಶ್ರಾಂತಿಯ ದಿನ. ಮೂರು ಸೋಮವಾರಗಳನ್ನು ಕಳೆದರೆ ನಡೆದದ್ದು 22 ದಿನ. ಅಂದರೆ ದಿನಕ್ಕೆ ಸರಾಸರಿ ಹದಿನೇಳು-ಹದಿನೆಂಟು ಕಿ.ಮೀ. ಅರವತ್ತು ದಾಟಿದ್ದ ಗಾಂಧೀಜಿ ಕೊನೆಯವರೆಗೂ ನಡೆದು ಗುರಿ ಮುಟ್ಟಿದರು. ಜಗತ್ತೇ ನೋಡುತ್ತಿದ್ದ ಸತ್ಯಾಗ್ರಹದ ನಡಿಗೆಯೂ ವಾರಕ್ಕೊಂದು ದಿನ ನಿಲ್ಲುತ್ತಿತ್ತು. ಅದರಿಂದ ಸಂಕಲ್ಪ ಮುರಿಯಲಿಲ್ಲ.

ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಆಳಂದಿಯಿಂದ ಪಂಢರಪುರಕ್ಕೆ ಹೋಗುವ ವಾರಕರಿಗಳ ಪಾಲಕಿಯೂ ಪುಣೆಯಲ್ಲಿ ಎರಡು ರಾತ್ರಿ ತಂಗುತ್ತದೆ. ನಡೆಯುವುದನ್ನು ಚೆನ್ನಾಗಿ ಬಲ್ಲವರೆಲ್ಲ ನಿಲ್ಲುವುದನ್ನೂ ಬಲ್ಲರು.

ಇಂದು ಕೆಲವು ತಂಡಗಳು ಉತ್ಸಾಹದಲ್ಲಿ ಮೊದಲ ದಿನವೇ 35–40 ಕಿ.ಮೀ. ನಡೆದುಬಿಡುತ್ತವೆ. ರಟ್ಟೀಹಳ್ಳಿಯಿಂದ ಶ್ರೀಶೈಲಕ್ಕೆ ನಾನೂರು ಕಿ.ಮೀ.ಗೂ ಹೆಚ್ಚು ದಾರಿ ಇದೆ. ಮೊದಲ ದಿನದ ವೇಗದಲ್ಲೇ ಅಷ್ಟೂ ದೂರ ಕ್ರಮಿಸುವುದು ರೂಢಿಯಿಲ್ಲದ ಕಾಲುಗಳಿಗೆ ಸಾಧ್ಯವಿಲ್ಲ.

ನಿಂತಾಗ ದೇಹ ಏನು ಮಾಡುತ್ತದೆ?

ದಿನವಿಡೀ ನಡೆದಾಗ ಸ್ನಾಯುಗಳ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗುತ್ತವೆ. ಇಳಿಜಾರಿನಲ್ಲಿ ಇಳಿಯುವಾಗ ಇವು ಹೆಚ್ಚು. ಚಾರ್ಮಾಡಿ ಘಾಟಿ ಇಳಿದ ಮರುದಿನ ತೊಡೆ ಹಿಡಿದುಕೊಂಡು ಕೂರುವುದು ಇದೇ ಕಾರಣಕ್ಕೆ. ಈ ನೋವು ಕೂಡಲೇ ಬರುವುದಿಲ್ಲ. ಒಂದು ದಿನದ ನಂತರ ಏರಿ, ಎರಡು-ಮೂರು ದಿನಗಳಲ್ಲಿ ಇಳಿಯುತ್ತದೆ. ಇದು ದೇಹ ಒಡೆದದ್ದನ್ನು ಕೂಡಿಸಿಕೊಳ್ಳುತ್ತಿರುವುದರ ಲಕ್ಷಣ.

ಎರಡನೆಯದು ಶಕ್ತಿಯ ಸಂಗ್ರಹ. ನಾವು ತಿಂದ ರೊಟ್ಟಿ, ಅನ್ನಗಳಿಂದ ಬಂದ ಸಕ್ಕರೆಯ ಅಂಶ ಗ್ಲೈಕೋಜನ್ ಎಂಬ ರೂಪದಲ್ಲಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿರುತ್ತದೆ. ದಿನದಿನವೂ ಖರ್ಚು ಜಾಸ್ತಿ, ಜಮೆ ಕಡಿಮೆಯಾದರೆ ನಾಲ್ಕನೆಯ ದಿನ ಕಾಲು ಕಬ್ಬಿಣದಂತೆ ಭಾರವೆನಿಸುತ್ತದೆ. ಸರಿಯಾಗಿ ಉಂಡು ವಿಶ್ರಮಿಸಿದರೆ ಸುಮಾರು 24 ಗಂಟೆಯಲ್ಲಿ ಈ ಕಣಜ ಮತ್ತೆ ತುಂಬುತ್ತದೆ.

ಮೂರನೆಯದು ಮೂಳೆ. ಸ್ನಾಯುವಿನಷ್ಟು ಬೇಗ ಮೂಳೆ ಹೊಂದಿಕೊಳ್ಳುವುದಿಲ್ಲ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ಹಳೆಯ ಅಂಶವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟಿಕೊಳ್ಳುತ್ತದೆ. ಕಟ್ಟಲು ಬಿಡುವು ಕೊಡದೆ ನಡೆದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ದೂರದೂರ ನಡೆಯುತ್ತಿದ್ದ ಸೈನಿಕರ ಪಾದಗಳಲ್ಲಿನ ಇಂಥ ನೋವು-ಬಾವನ್ನು 1855ರಲ್ಲೇ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್ ದಾಖಲಿಸಿದ್ದರು. ಇದಕ್ಕೆ ಇಂದಿಗೂ ‘ಮಾರ್ಚ್ ಫ್ರ್ಯಾಕ್ಚರ್’ ಎಂದೇ ಹೆಸರು. ತಿಂಗಳಿನ ಹೆಸರಲ್ಲ, ಸೈನಿಕರ ನಡಿಗೆಯಿಂದ ಬಂದ ಹೆಸರು. ಮೊದಲ ಎರಡು-ಮೂರು ವಾರ ಎಕ್ಸ್‌ರೇಯಲ್ಲೂ ಇದು ಕಾಣಿಸದಿರಬಹುದು.

ನಡಕೋಂತ ಹೋದರೆ ನೋವು ಕಡಿಮೆಯಾಗುತ್ತದೆ ಎಂಬ ಅಜ್ಜನ ಮಾತು ಸ್ನಾಯುವಿನ ಮಟ್ಟಿಗೆ ಅರ್ಧ ನಿಜ. ಬಿಸಿಯಾದ ಸ್ನಾಯು ಸಡಿಲವಾಗುತ್ತದೆ. ಮೂಳೆಯ ಮಟ್ಟಿಗೆ ಅದು ಪೂರ್ತಿ ಸುಳ್ಳು. ಮೂಳೆಯ ನೋವು ನಡೆದಷ್ಟೂ ಏರುತ್ತದೆ.

ಬೆಳಿಗ್ಗೆ: ಮೊದಲು ಪಾದ ನೋಡಿ

ವಿಶ್ರಾಂತಿಯ ದಿನದ ಮೊದಲ ಕೆಲಸ ಬೆಳಕಿನಲ್ಲಿ ಕುಳಿತು ಎರಡೂ ಪಾದಗಳನ್ನು ನೋಡಿಕೊಳ್ಳುವುದು. ಅಂಗಾಲು, ಹಿಮ್ಮಡಿ, ಬೆರಳುಗಳ ಸಂದು, ಉಗುರಿನ ಅಂಚು. ಸ್ವಂತ ಕಣ್ಣಿಗೆ ಕಾಣದಿದ್ದರೆ ಜೊತೆಯವರಿಗೆ ತೋರಿಸಿ; ಅದರಲ್ಲಿ ಸಂಕೋಚ ಬೇಡ.

ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನೆನೆಸಿಡಬೇಡಿ. ನೆನೆದ ಚರ್ಮ ಮೆದುವಾಗಿ ಮರುದಿನ ಬೇಗ ಗುಳ್ಳೆಯೇಳುತ್ತದೆ. ಸಕ್ಕರೆ ಕಾಯಿಲೆಯವರು ಕಾಲಿಗೆ ಬಿಸಿನೀರು ಹಾಕಿಕೊಳ್ಳುವ ಮುನ್ನ ಬೇರೆಯವರ ಕೈಯಿಂದ ಬಿಸಿ ಪರೀಕ್ಷಿಸಬೇಕು. ಪಾದದ ಸ್ಪರ್ಶಜ್ಞಾನ ಕಡಿಮೆಯಿದ್ದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ.

ಸಣ್ಣ ನೀರುಗುಳ್ಳೆಗಳನ್ನು ಒಡೆಯಬೇಡಿ. ಮೇಲಿನ ಚರ್ಮವೇ ಒಳ್ಳೆಯ ಪಟ್ಟಿ. ಗುಳ್ಳೆ ದೊಡ್ಡದಾಗಿ ನಡೆಯಲು ಆಗದಷ್ಟು ನೋವಿದ್ದರೆ ಮಾತ್ರ ಕೈ ಮತ್ತು ಗುಳ್ಳೆಯನ್ನು ಸೋಪಿನಿಂದ ತೊಳೆದು, ಔಷಧಿ ಅಂಗಡಿಯಲ್ಲಿ ಸಿಗುವ ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಬಿಡಬಹುದು. ಚರ್ಮವನ್ನು ಕಿತ್ತುಹಾಕಬಾರದು. ಪೊವಿಡೋನ್ ಅಯೋಡಿನ್ ಮುಲಾಮು ಹಚ್ಚಿ ಶುಭ್ರವಾದ ಪಟ್ಟಿ ಕಟ್ಟಿ. ಯಾತ್ರಿಕರಲ್ಲಿ ಸೂಜಿಗೆ ದಾರ ಪೋಣಿಸಿ ಗುಳ್ಳೆಯ ಮೂಲಕ ಹಾಯಿಸಿ ದಾರವನ್ನು ಅಲ್ಲೇ ಬಿಡುವ ರೂಢಿಯಿದೆ. ನೀರೇನೋ ಇಳಿಯುತ್ತದೆ. ಆದರೆ ಆ ದಾರವೇ ರಸ್ತೆಯ ಧೂಳಿನಲ್ಲಿರುವ ರೋಗಾಣುಗಳು ಒಳಹೋಗಲು ಸೇತುವೆಯಾಗುತ್ತದೆ. ಸಕ್ಕರೆ ಕಾಯಿಲೆಯವರು ಗುಳ್ಳೆಯನ್ನು ತಾವೇ ಚುಚ್ಚಿಕೊಳ್ಳುವುದು ಬೇಡವೇ ಬೇಡ. ಊರಿನ ಆಸ್ಪತ್ರೆಗೆ ಹೋಗಿ ತೋರಿಸಲಿ.

ಬರಿಗಾಲಿನವರಿಗೆ ಮುಳ್ಳು, ಮೊಳೆ ಚುಚ್ಚಿದ್ದರೆ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ಕೇಳಬೇಕು. ಕೊನೆಯ ಚುಚ್ಚುಮದ್ದು ಹಾಕಿಸಿ ಐದು ವರ್ಷ ಕಳೆದಿದ್ದರೆ, ಅಥವಾ ಯಾವಾಗ ಹಾಕಿಸಿದ್ದೆಂದು ನೆನಪಿಲ್ಲದಿದ್ದರೆ, ಹಾಕಿಸಿಕೊಳ್ಳುವುದೇ ಲೇಸು. ಬೇಸಿಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಬಿಸಿ ಐವತ್ತು ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಬರಿಗಾಲಿನ ಹರಕೆ ಹೊತ್ತವರು ನಸುಕಿನಲ್ಲಿ ಮತ್ತು ಸಂಜೆ ಮಾತ್ರ ನಡೆಯಲಿ.

ಮಲಗಿಯೇ ಇರುವುದು ವಿಶ್ರಾಂತಿಯಲ್ಲ

ನಾಲ್ಕು ದಿನ ನಡೆದವರು ಐದನೆಯ ದಿನ ಪೂರ್ತಿ ಕವುಚಿ ಮಲಗಿದರೆ ಕೈಕಾಲು ಮತ್ತಷ್ಟು ಬಿಗಿಯುತ್ತವೆ. ರಾತ್ರಿ ಎಂಟು ತಾಸು ನಿದ್ರೆ, ಮಧ್ಯಾಹ್ನ ಒಂದು ತಾಸು ಸಾಕು. ಎಚ್ಚರವಿದ್ದಾಗ ಎರಡು-ಮೂರು ಗಂಟೆಗೊಮ್ಮೆ ಎದ್ದು ಹದಿನೈದು ನಿಮಿಷ ನಿಧಾನವಾಗಿ ಅಡ್ಡಾಡಿ. ಗುಡಿಗೆ, ಸಂತೆಗೆ, ಚಪ್ಪಲಿ ಹೊಲಿಸಲು ಹೋಗಿ ಬಂದರೆ ಅಷ್ಟೇ ಆಯಿತು.

ಪಾದ ಊದಿಕೊಂಡಿದ್ದರೆ ಗೋಡೆಗೆ ಕಾಲು ಆನಿಸಿ, ಇಲ್ಲವೇ ಗಂಟುಮೂಟೆಯ ಮೇಲೆ ಇಟ್ಟು, ಎದೆಗಿಂತ ಎತ್ತರದಲ್ಲಿ ಇಪ್ಪತ್ತು ನಿಮಿಷ ಮಲಗಿ. ದಿನಕ್ಕೆ ಮೂರು-ನಾಲ್ಕು ಸಲ ಹೀಗೆ ಮಾಡಬಹುದು. ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕುವುದರಿಂದ ಹಿತವೆನಿಸುತ್ತದೆ. ಆದರೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ತಿಕ್ಕಲೇಬಾರದು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಇಂಥವರು ಆ ದಿನವೇ ವೈದ್ಯರನ್ನು ಕಾಣಬೇಕು.

ಊಟ ಮತ್ತು ನೀರು

ವಿಶ್ರಾಂತಿಯ ದಿನ ಹಸಿವು ನಡೆದ ದಿನಕ್ಕಿಂತ ಹೆಚ್ಚಾಗಿರುವುದು ಸಹಜ. ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಅನ್ನ, ಬೇಳೆ ಸಾರು. ಇದಕ್ಕಿಂತ ಒಳ್ಳೆಯ ಆಹಾರವಿಲ್ಲ. ರೊಟ್ಟಿ-ಅನ್ನ ಕಣಜ ತುಂಬುತ್ತವೆ. ಕಾಳು-ಮೊಸರು ಸ್ನಾಯುವಿನ ಬಿರುಕು ಮುಚ್ಚುತ್ತವೆ. ತಿನ್ನುವವರಾದರೆ ಮೊಟ್ಟೆಯೂ ಆಗಬಹುದು. ಒಮ್ಮೆಲೇ ಹೊಟ್ಟೆ ಬಿರಿಯುವಂತೆ ಉಣ್ಣದೆ ನಾಲ್ಕು ಸಲ ಸ್ವಲ್ಪಸ್ವಲ್ಪ ಉಣ್ಣಿ. ಊರು ಸಿಕ್ಕಿತೆಂದು ಮಿರ್ಚಿ-ಭಜಿಯ ಗಾಡಿಯ ಮುಂದೆ ನಿಂತುಬಿಡುವವರು ಮರುದಿನ ದಾರಿಯಲ್ಲಿ ಚೊಂಬು ಹಿಡಿದು ಓಡುವುದುಂಟು.

ನೀರು ಸಾಕಾಗಿದೆಯೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿಯಾದರೆ ಸರಿ. ಗಾಢ ಹಳದಿಯಾದರೆ ನೀರು ಸಾಲದು. ಚಹಾದ ಡಿಕಾಕ್ಷನ್ನಿನಂತೆ ಕಂದು-ಕಪ್ಪಾಗಿದ್ದರೆ ಸ್ನಾಯುಗಳು ಅತಿಯಾಗಿ ಒಡೆದು ಅದರ ಕಸ ಮೂತ್ರಪಿಂಡಕ್ಕೆ ಇಳಿಯುತ್ತಿರಬಹುದು. ಆಗ ಆಸ್ಪತ್ರೆಗೆ ಹೋಗುವುದರಲ್ಲಿ ತಡ ಮಾಡಬಾರದು.

ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೂ ರಕ್ತದ ಉಪ್ಪಿನ ಅಂಶ ಇಳಿದು ತಲೆಸುತ್ತು, ವಾಂತಿ, ಗೊಂದಲ ಬರಬಹುದು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಇದಕ್ಕೆ ಒಳ್ಳೆಯ ಪರಿಹಾರ. ಭೇದಿಯಾದವರು ಓಆರ್‌ಎಸ್ ಪುಡಿ ಕಲಸಿ ಕುಡಿಯಲಿ. ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ. ಚಮಚ ಮಟ್ಟವಾಗಿರಲಿ, ಗೋಪುರದಂತೆ ತುಂಬಬೇಡಿ.

“ಒಂದು ಬಾಟಲಿ ಹಾಕಿಬಿಡ್ರಿ”

ಊರಿನಲ್ಲಿ ನಿಂತ ದಿನ ಯಾತ್ರಿಕರು ಮಾಡುವ ಎರಡು ದೊಡ್ಡ ತಪ್ಪುಗಳಿವೆ.

ಮೊದಲನೆಯದು ಶಕ್ತಿಗಾಗಿ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವುದು. ಅರ್ಧ ಲೀಟರಿನ ಸಾಮಾನ್ಯ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವುದು ಹೆಚ್ಚೆಂದರೆ ನೂರು ಕ್ಯಾಲೊರಿ. ಒಂದು ಜೋಳದ ರೊಟ್ಟಿಯೂ ಹೆಚ್ಚುಕಡಿಮೆ ಅಷ್ಟು ಕೊಡುತ್ತದೆ, ಜೊತೆಗೆ ಪಲ್ಯದ ರುಚಿ ಬೇರೆ. ವಾಂತಿಯಾಗಿ ಬಾಯಿಂದ ಏನೂ ನಿಲ್ಲದವರಿಗೆ ಬಾಟಲಿ ಬೇಕು. ಉಂಡು ಕುಡಿಯಬಲ್ಲವರಿಗೆ ಬೇಡ.

ಎರಡನೆಯದು ನೋವಿನ ಗುಳಿಗೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ನೀರು ಸಾಕಷ್ಟಿರುವ ದೇಹ ಒಂದೆರಡು ಗುಳಿಗೆಗಳನ್ನು ತಾಳಿಕೊಳ್ಳುತ್ತದೆ. ಬಿಸಿಲಿನಲ್ಲಿ ನಾಲ್ಕು ದಿನ ಬೆವರು ಸುರಿಸಿ ಒಣಗಿದ ದೇಹ, ಅದರಲ್ಲೂ ರಕ್ತದೊತ್ತಡಕ್ಕೆ ಮಾತ್ರೆ ನುಂಗುವ ಹಿರಿಯರ ದೇಹ ತಾಳದಿರಬಹುದು. ಮೂತ್ರಪಿಂಡ ಹಠಾತ್ತನೆ ಕೆಲಸ ನಿಲ್ಲಿಸಿದ ಪ್ರಸಂಗಗಳನ್ನು ವೈದ್ಯರು ನೋಡುತ್ತಲೇ ಇರುತ್ತಾರೆ. ಬರಿಹೊಟ್ಟೆಯಲ್ಲಿ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗುವ ಭಯ ಬೇರೆ. ತೀರ ನೋವಿದ್ದರೆ ಊಟದ ನಂತರ ಒಂದು 500 ಮಿ.ಗ್ರಾಂ. ಪ್ಯಾರಾಸಿಟಮಾಲ್ ಸಾಕು, ಮತ್ತೊಂದು ಬೇಕಾದರೆ ಆರು ಗಂಟೆ ಬಿಟ್ಟು. ಯಕೃತ್ತಿನ ಕಾಯಿಲೆಯಿದ್ದವರು ಇದನ್ನೂ ವೈದ್ಯರನ್ನು ಕೇಳದೆ ನುಂಗಬಾರದು.

ಇನ್ನೂ ಒಂದು ಮಾತು. ನೋವು ನಮ್ಮ ಕಾವಲುಗಾರ. ಗುಳಿಗೆ ನುಂಗಿ ಕಾವಲುಗಾರನನ್ನು ಮಲಗಿಸಿ ನಡೆಯುತ್ತ ಹೋದರೆ ಬಿರುಕು ಬಿಟ್ಟ ಮೂಳೆ ಪೂರ್ತಿ ಮುರಿಯುತ್ತದೆ.

ಸಕ್ಕರೆ ಕಾಯಿಲೆಯವರು ವಿಶ್ರಾಂತಿಯ ದಿನ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ನಡೆದ ದಿನಗಳಲ್ಲಿ ಅದು ಇಳಿದಿರುತ್ತದೆ, ನಿಂತ ದಿನ ಏರಬಹುದು. ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ತಾವೇ ಬದಲಿಸದೆ ವೈದ್ಯರನ್ನು ಕೇಳಲಿ. ಮಾತ್ರೆ ನುಂಗಿ ಉಪವಾಸ ನಡೆಯುವುದು ಅಪಾಯಕ್ಕೆ ಆಹ್ವಾನ. ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಸದಾ ಇರಲಿ.

ಸಂಜೆ: ಹೊರಡುವುದೋ, ಉಳಿಯುವುದೋ?

ಸಂಜೆ ಐದರ ಹೊತ್ತಿಗೆ ತಂಡದ ಪ್ರತಿಯೊಬ್ಬರೂ ನೂರು ಹೆಜ್ಜೆ ನಡೆದು, ನಾಲ್ಕು ಮೆಟ್ಟಿಲು ಹತ್ತಿ ಇಳಿಯಲಿ. ಎರಡೂ ಕಾಲಿನಲ್ಲಿ ಸಮನಾದ, ಸಹಿಸಬಹುದಾದ ನೋವಿದ್ದು ನಾಲ್ಕು ಹೆಜ್ಜೆಗೆ ಸಡಿಲವಾದರೆ ಮರುದಿನ ಹೊರಡಬಹುದು. ಈ ಕೆಳಗಿನ ಯಾವುದಾದರೂ ಒಂದಿದ್ದರೆ ನಡೆಯಬಾರದು, ವೈದ್ಯರನ್ನು ಕಾಣಬೇಕು:

• ಪಾದದ ಅಥವಾ ಕಾಲಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ತೀವ್ರ ನೋವು
• ಒಂದೇ ಕಾಲಿನ ಬಾವು, ಬಿಸಿ
• ಗಾಯದ ಸುತ್ತ ಕೆಂಪು ಹರಡುವುದು, ಕೀವು, ಚಳಿಜ್ವರ
• ಕಪ್ಪು ಮೂತ್ರ, ಅಥವಾ ಎಂಟು ಗಂಟೆ ಮೂತ್ರವೇ ಆಗದಿರುವುದು
• ಎದೆನೋವು, ಉಸಿರುಕಟ್ಟುವಿಕೆ, ತಲೆ ಸುತ್ತಿ ಬೀಳುವುದು
• ಮೈ ಸುಡುತ್ತಿದ್ದು ಮಾತು ತಡವರಿಸುವುದು

ಕೊನೆಯ ಎರಡರಲ್ಲಿ ಸಂಜೆಯವರೆಗೂ ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ.

ಹೊರಡುವವರು ಮೊದಲ ದಿನ ಕಡಿಮೆ ದೂರ ನಡೆಯಲಿ. ನಸುಕಿನಲ್ಲಿ ಹೊರಟು ಬಿಸಿಲೇರುವ ಮುನ್ನ ನೆರಳು ಸೇರಲಿ.

ವಿಶ್ರಾಂತಿಗೆ ಯಾವ ಊರು ಎಂಬುದನ್ನೂ ಮೊದಲೇ ಯೋಚಿಸಬೇಕು. ಐದಾರು ದಿನಕ್ಕೊಮ್ಮೆ, ಆಸ್ಪತ್ರೆ, ಔಷಧಿ ಅಂಗಡಿ, ಬಸ್ಸು ಇರುವ ಊರಿನಲ್ಲಿ, ಕಷ್ಟದ ದಾರಿ ಶುರುವಾಗುವ ಮುನ್ನ ನಿಲ್ಲಿ. ಶ್ರೀಶೈಲಕ್ಕೆ ಹೋಗುವವರಿಗೆ ಆತ್ಮಕೂರು ದಾಟಿದ ಮೇಲೆ ನಲ್ಲಮಲ ಕಾಡು. ನಾಗಲೂಟಿ, ಪೆಚ್ಚೆರುವು, ಭೀಮನ ಕೊಳದ ಕಲ್ಲುದಾರಿಯಲ್ಲಿ ಕಾಲು ಕೈಕೊಟ್ಟರೆ ವಾಹನ ಬರುವುದು ಕಷ್ಟ. ಆ ಕಾಡಿಗೆ ದಣಿದ ಕಾಲಿನಲ್ಲಿ ಹೋಗಬಾರದು. ಧರ್ಮಸ್ಥಳಕ್ಕೆ ಹೋಗುವವರು ಚಾರ್ಮಾಡಿ ಇಳಿಯುವ ಮುನ್ನ ನಿಲ್ಲುವುದು ಒಳ್ಳೆಯದು.

ಮನೆಯವರಿಗೂ, ಊರಿನವರಿಗೂ

ಮನೆಯಲ್ಲಿ ಉಳಿದವರು ಫೋನಿನಲ್ಲಿ “ಊಟ ಆಯ್ತಾ?” ಎಂದು ಕೇಳಿ ಸುಮ್ಮನಾಗುತ್ತಾರೆ. ಇನ್ನು ಮೂರು ಪ್ರಶ್ನೆ ಸೇರಿಸಿ: ಪಾದ ನೋಡಿಕೊಂಡಿರಾ? ಮೂತ್ರ ಯಾವ ಬಣ್ಣದ್ದಿದೆ? ಯಾವ ಗುಳಿಗೆ ನುಂಗುತ್ತಿದ್ದೀರಿ? ಹಿರಿಯರು ತಾವಾಗಿ ಹೇಳಿಕೊಳ್ಳುವುದಿಲ್ಲ, ಕೇಳಿದರೆ ಹೇಳುತ್ತಾರೆ.

ದಾಸೋಹ ಮಾಡುವ ಊರಿನವರು ಸಿಹಿಯೂಟ ಬಡಿಸುವುದರ ಜೊತೆಗೆ ಕುದಿಸಿದ ನೀರು, ಉಪ್ಪು ಹಾಕಿದ ಮಜ್ಜಿಗೆ, ಕಾಲು ತೊಳೆಯಲು ಬೆಚ್ಚನೆಯ ನೀರು, ಕಾಲು ಚಾಚಿ ಮಲಗಲು ನೆರಳು ಒದಗಿಸಿದರೆ ಅದೂ ದೊಡ್ಡ ಸೇವೆಯೇ.

ಇನ್ನು ನಮ್ಮ ಅಜ್ಜನ ಪ್ರಶ್ನೆ. ಹರಕೆ ನಡೆದು ಮುಟ್ಟುವುದು. ಇಂತಿಷ್ಟು ದಿನದಲ್ಲಿ ಮುಟ್ಟುವುದಲ್ಲ. ನಿಂತ ಜಾಗದಿಂದಲೇ ಮರುದಿನ ಹೆಜ್ಜೆ ಮುಂದುವರಿಯುತ್ತದೆ. ದಾರಿಯ ಒಂದು ಗೇಣೂ ತಪ್ಪುವುದಿಲ್ಲ. ಒಂದು ವೇಳೆ ವೈದ್ಯರು ನಡೆಯಬೇಡಿ ಎಂದರೆ ಉಳಿದ ದಾರಿಯನ್ನು ಬಸ್ಸಿನಲ್ಲಿ ಹೋಗಲಿ, ಬರುವ ವರ್ಷ ಮತ್ತೆ ನಡೆಯಲಿ. ಬರುವ ವರ್ಷವೂ ನಡೆಯಲು ಕಾಲು ಬೇಕಲ್ಲವೇ? ನಿಧಾನವೇ ಪ್ರಧಾನ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.